ಠಾಣೆಯ ಮೆಟ್ಟಿಲಿನಿಂದ ಮಹಾನಿರ್ದೇಶಕರ ಪೀಠದವರೆಗೆ

ರಾಜ್ಯದ ಪೊಲೀಸ್ ಪಡೆಗೆ ನೂತನ ಮಹಾನಿರ್ದೇಶಕರೊಬ್ಬರು ನೇಮಕರಾದ ಮರುದಿನ ಪತ್ರಿಕೆಗಳಲ್ಲಿ ಅವರ ಸಂಕ್ಷಿಪ್ತ ಪರಿಚಯವೊಂದು ಅಚ್ಚಾಗುವುದು ವಾಡಿಕೆ. ಅವರು ಯಾವ ವರ್ಷದ ತಂಡದ ಐಪಿಎಸ್ ಅಧಿಕಾರಿ, ಯಾವ ರಾಜ್ಯದಲ್ಲಿ ಹುಟ್ಟಿದವರು, ಎಂಜಿನಿಯರಿಂಗ್ ಓದಿದವರೋ ಅರ್ಥಶಾಸ್ತ್ರ ಓದಿದವರೋ, ಯಾವ ಯಾವ ಜಿಲ್ಲೆಗಳಲ್ಲಿ ವರಿಷ್ಠಾಧಿಕಾರಿಗಳಾಗಿದ್ದರು, ಯಾವ ಪದಕಗಳಿಗೆ ಪಾತ್ರರಾದರು, ಯಾವ ತಿಂಗಳಲ್ಲಿ ನಿವೃತ್ತರಾಗುವರು ಎಂಬಿಷ್ಟು ಸಂಗತಿಗಳು ಅದರಲ್ಲಿರುತ್ತವೆ. ಇವೆಲ್ಲವೂ ತಿಳಿಯತಕ್ಕವೇ ಸರಿ. ಆದರೆ ಆ ವ್ಯಕ್ತಿ ತನ್ನ ಮೂರು ದಶಕಗಳ ಸೇವೆಯಲ್ಲಿ ಒಂದು ಸಾಮಾನ್ಯ ಠಾಣೆಯೊಳಗೆ ಎಷ್ಟು ಕಾಲ ದುಡಿದನು, ಮಳೆಗಾಲದ ರಾತ್ರಿ ಗಸ್ತು ತಿರುಗಿದ್ದುಂಟೇ, ಅಳುತ್ತ ದೂರು ಬರೆಸಲು ಬಂದ ಹೆಣ್ಣುಮಗಳ ಎದುರಿಗೆ ಕುಳಿತು ಆಕೆಯ ಮಾತನ್ನು ತಾನೇ ಬರೆದುಕೊಂಡದ್ದುಂಟೇ, ಜಾತ್ರೆಯ ಬಂದೋಬಸ್ತಿಗೆ ನಿಂತು ಹದಿನಾರು ಗಂಟೆಗಳ ಅನಂತರ ಊಟ ಕಂಡದ್ದುಂಟೇ ಎಂಬ ಪ್ರಶ್ನೆಗಳನ್ನು ಪತ್ರಿಕೆಯೂ ಕೇಳುವುದಿಲ್ಲ, ನೇಮಿಸುವ ಸರಕಾರವೂ ಕೇಳುವುದಿಲ್ಲ, ಆಯ್ಕೆಪಟ್ಟಿಯನ್ನು ಸಿದ್ಧಪಡಿಸುವ ಕೇಂದ್ರ ಲೋಕಸೇವಾ ಆಯೋಗವೂ ಕೇಳುವುದಿಲ್ಲ. ಪ್ರಜೆಗೂ ರಾಜ್ಯಕ್ಕೂ ಪ್ರತಿದಿನ ಮುಖಾಮುಖಿಯಾಗುವ ಸ್ಥಳ ಪೊಲೀಸ್ ಠಾಣೆ. ಅಲ್ಲಿಯ ಬದುಕಿನ ಅನುಭವವಿಲ್ಲದೆಯೇ ಆ ಇಡೀ ವ್ಯವಸ್ಥೆಯ ಶಿಖರವನ್ನೇರುವುದು ನಮ್ಮ ದೇಶದಲ್ಲಿ ಸಾಧ್ಯವಾಗಿದೆ. ಠಾಣೆಯಲ್ಲಿಯೇ ಜೀವಮಾನವನ್ನು ಸವೆಸಿದವನಿಗಾದರೋ ಆ ಶಿಖರ ಎಂದಿಗೂ ದಕ್ಕದು. ಈ ಎರಡು ಸಂಗತಿಗಳೂ ಒಂದೇ ದೋಷದ ಎರಡು ಮುಖಗಳೆಂದು ನನ್ನ ಅಭಿಪ್ರಾಯ. ಆ ದೋಷದ ಮೂಲ ನೂರಾರು ವರ್ಷ ಹಿಂದಕ್ಕೆ, ಸಮುದ್ರದಾಚೆಗೆ ಹೋಗುತ್ತದೆ.

1829ರಲ್ಲಿ ಇಂಗ್ಲೆಂಡಿನ ಗೃಹಮಂತ್ರಿಯಾಗಿದ್ದ ಸರ್ ರಾಬರ್ಟ್ ಪೀಲ್ ಲಂಡನ್ ನಗರಕ್ಕೆ ಹೊಸ ಪೊಲೀಸ್ ಪಡೆಯೊಂದನ್ನು ಕಟ್ಟಿದಾಗ ಅದರ ಮೇಲೆ ಇಬ್ಬರು ಕಮಿಷನರುಗಳನ್ನು ನಿಯಮಿಸಿದನು. ಒಬ್ಬನು ವಾಟರ್ಲೂ ರಣರಂಗವನ್ನು ಕಂಡಿದ್ದ ಕರ್ನಲ್ ಚಾರ್ಲ್ಸ್ ರೋವನ್. ಇನ್ನೊಬ್ಬನು ರಿಚರ್ಡ್ ಮೇನ್ ಎಂಬ ಐರಿಷ್ ಮೂಲದ ಬ್ಯಾರಿಸ್ಟರು. ಶಿಸ್ತನ್ನು ಬಲ್ಲವನೊಬ್ಬ, ಕಾನೂನನ್ನು ಬಲ್ಲವನೊಬ್ಬ. ಶಿಖರದ ಈ ಎರಡು ಸ್ಥಾನಗಳಿಗೆ ಹೊರಗಿನವರನ್ನು ತಂದ ಪೀಲ್, ಅವುಗಳ ಕೆಳಗಿನ ಮೇಲ್ವಿಚಾರಕ ಸ್ಥಾನಗಳ ವಿಷಯದಲ್ಲಿ ಮಾತ್ರ ಬೇರೆಯ ನಿಲುವನ್ನು ತಳೆದನು. ಅಂದಿನ ಸೈನ್ಯದಲ್ಲಿ ಕುಲೀನ ಮನೆತನದ ತರುಣರು ಹಣ ತೆತ್ತು ಅಧಿಕಾರ ಪದವಿಗಳನ್ನು ಕೊಳ್ಳುತ್ತಿದ್ದಂತೆ ಪೊಲೀಸ್ ಪಡೆಯಲ್ಲಿ ಆಗಕೂಡದೆಂದೂ, ಅಲ್ಲಿಯ ಮೇಲಿನ ಹುದ್ದೆಗಳು ಕೆಳಗಿನಿಂದ ದುಡಿದು ಬಂದವರಿಗೆ ಸಲ್ಲತಕ್ಕವೆಂದೂ ಅವನು ನಿರ್ಧರಿಸಿದನು. ಅಂದಿನ ಆಂಗ್ಲ ಸಮಾಜದ ವರ್ಗಭೇದವನ್ನು ನೆನೆದರೆ ಇದು ಸಾಹಸದ ನಿರ್ಣಯವೇ.

ಅದೇ ಪೀಲ್ ಅದಕ್ಕೆ ಮೊದಲು ಐರ್ಲೆಂಡಿನಲ್ಲಿ ಮುಖ್ಯ ಕಾರ್ಯದರ್ಶಿಯಾಗಿದ್ದಾಗ, 1814ರಲ್ಲಿ, ಇನ್ನೊಂದು ಜಾತಿಯ ಪೊಲೀಸ್ ಪಡೆಗೆ ಅಂಕುರಾರ್ಪಣ ಮಾಡಿದ್ದನು. ಅಲ್ಲಿ ಬೆಳೆದು ನಿಂತ ಐರಿಷ್ ಕಾನ್‌ಸ್ಟಾಬ್ಯುಲರಿಯು ಶಸ್ತ್ರಸಜ್ಜಿತವಾಗಿ ಬ್ಯಾರಕ್ಕುಗಳಲ್ಲಿ ವಾಸಿಸುವ, ಆಳತಕ್ಕ ಜನರಿಂದ ದೂರವಿರುವ ಪಡೆಯಾಗಿತ್ತು. ಅದರ ಪೇದೆಗಳು ರೈತಾಪಿ ಮನೆಗಳಿಂದ ಬಂದವರು. ಅಧಿಕಾರಿಗಳಲ್ಲಿ ಬಹುಮಂದಿ ಭೂಮಾಲೀಕ ಹಾಗೂ ಸೈನಿಕ ಮನೆತನಗಳಿಂದ ನೇರವಾಗಿ ಮೇಲಿನ ಸ್ಥಾನಕ್ಕೆ ಬಂದವರು. ಲಂಡನ್ನಿನ ಮಾದರಿ ಸ್ವಜನರನ್ನು ರಕ್ಷಿಸುವುದಕ್ಕೆ, ಐರ್ಲೆಂಡಿನ ಮಾದರಿ ಪರಜನರನ್ನು ಹದ್ದಿನಲ್ಲಿಡುವುದಕ್ಕೆ. ಸಿಂಧ್ ಪ್ರಾಂತವನ್ನು 1843ರಲ್ಲಿ ಗೆದ್ದುಕೊಂಡ ಸರ್ ಚಾರ್ಲ್ಸ್ ನೇಪಿಯರ್ ಅಲ್ಲಿ ಪೊಲೀಸ್ ವ್ಯವಸ್ಥೆಯನ್ನು ಸ್ಥಾಪಿಸುವಾಗ ಇವೆರಡರಲ್ಲಿ ಯಾವುದನ್ನು ಆರಿಸಿಕೊಂಡನೆಂದು ಬೇರೆ ಹೇಳಬೇಕಾಗಿಲ್ಲ. 1857ರ ಮಹಾಸಂಗ್ರಾಮದ ಬಳಿಕ 1860ರಲ್ಲಿ ಪೊಲೀಸ್ ಆಯೋಗವೊಂದು ಕುಳಿತು, 1861ರ ಐದನೆಯ ಅಧಿನಿಯಮ ಹೊರಟು, ಜಿಲ್ಲೆಗೊಬ್ಬ ಸೂಪರಿಂಟೆಂಡೆಂಟ್, ಪ್ರಾಂತಕ್ಕೊಬ್ಬ ಇನ್‌ಸ್ಪೆಕ್ಟರ್ ಜನರಲ್ ಎಂಬ ಏರ್ಪಾಡು ಬಂದಿತು. ಆ ಸೂಪರಿಂಟೆಂಡೆಂಟರಲ್ಲಿ ಬಹುಮಂದಿ ಸೈನ್ಯದಿಂದ ಬಂದ ಐರೋಪ್ಯರು. 1893ರಿಂದ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ನಡೆಯಲಾರಂಭಿಸಿತು. ಇಪ್ಪತ್ತರ ಆಸುಪಾಸಿನ ತರುಣ ಹಡಗಿಳಿದು ಬಂದು, ಜನರ ಭಾಷೆಯನ್ನು ಮುನ್ಷಿಯಿಂದ ಕಲಿತು, ತನ್ನ ತಂದೆಯ ವಯಸ್ಸಿನ ಜಮಾದಾರರಿಗೆ ಆಜ್ಞೆ ಮಾಡುವ ಪದ್ಧತಿ ಹೀಗೆ ಬೇರೂರಿತು.

1902-03ರಲ್ಲಿ ಆಂಡ್ರ್ಯೂ ಫ್ರೇಸರನ ಅಧ್ಯಕ್ಷತೆಯಲ್ಲಿ ಕುಳಿತ ಪೊಲೀಸ್ ಆಯೋಗ ಇಲಾಖೆಯ ಭ್ರಷ್ಟಾಚಾರವನ್ನೂ ದಬ್ಬಾಳಿಕೆಯನ್ನೂ ಮುಚ್ಚುಮರೆಯಿಲ್ಲದೆ ಬಣ್ಣಿಸಿತೆಂಬುದು ಪ್ರಸಿದ್ಧ. ಆದರೆ ಅದು ಮಾಡಿದ ಇನ್ನೊಂದು ಕೆಲಸದ ಕಡೆಗೆ ನಮ್ಮ ಗಮನ ಸಾಕಷ್ಟು ಹರಿದಿಲ್ಲ. ಪೇದೆಯ ಕೆಲಸ ಯಾಂತ್ರಿಕವಾದುದು, ಹೇಳಿದ್ದನ್ನು ಮಾಡುವುದಷ್ಟೇ ಅವನ ಧರ್ಮ, ವಿವೇಚನೆ ಬೇಕಾದ ಕಾರ್ಯಗಳನ್ನು ಅವನಿಗೆ ವಹಿಸಕೂಡದು ಎಂಬ ಭಾವನೆಯನ್ನು ಅದು ವ್ಯವಸ್ಥೆಯ ಅಡಿಗಲ್ಲಾಗಿ ಇರಿಸಿತು. ತನಿಖೆ ಮಾಡುವವರನ್ನು ಸಬ್‌ಇನ್‌ಸ್ಪೆಕ್ಟರ್ ದರ್ಜೆಯಲ್ಲಿ ನೇರವಾಗಿ ತರಬೇಕೆಂದಿತು. ಭಾರತೀಯರಿಗಾಗಿ ಡೆಪ್ಯುಟಿ ಸೂಪರಿಂಟೆಂಡೆಂಟ್ ಎಂಬ ಹೊಸ ಪ್ರಾಂತೀಯ ಹುದ್ದೆಯನ್ನು ಸೃಷ್ಟಿಸಿ, ಉನ್ನತ ಸೇವೆಯನ್ನು ಐರೋಪ್ಯರ ಕೈಯಲ್ಲಿಯೇ ಇರಿಸಿತು. 1920ರ ಅನಂತರವೇ ಆ ಉನ್ನತ ಸೇವೆಯ ಪರೀಕ್ಷೆ ಭಾರತೀಯರಿಗೂ ತೆರೆದದ್ದು. ಹೀಗೆ ಪೇದೆ, ಸಬ್‌ಇನ್‌ಸ್ಪೆಕ್ಟರ್, ಡೆಪ್ಯುಟಿ, ಸೂಪರಿಂಟೆಂಡೆಂಟ್ ಎಂಬ ನಾಲ್ಕು ಅಂತಸ್ತುಗಳಿಗೆ ನಾಲ್ಕು ಪ್ರತ್ಯೇಕ ಬಾಗಿಲುಗಳಾದವು. ಯಾವ ಬಾಗಿಲಿನಿಂದ ಒಳಹೊಕ್ಕರೆ ಯಾವ ಅಂತಸ್ತಿನವರೆಗೆ ಹೋಗಬಹುದೆಂಬುದು ಮೊದಲ ದಿನವೇ ನಿಶ್ಚಿತವಾಯಿತು. ದೇಶೀಯ ಸಂಸ್ಥಾನಗಳಲ್ಲಿಯೂ ಪೊಲೀಸ್ ಮುಖ್ಯಸ್ಥನ ಹುದ್ದೆ ಆಡಳಿತದ ಮೇಲ್ವರ್ಗದಲ್ಲಿ ಕೈದಾಟುವ ಹಲವು ಹುದ್ದೆಗಳಲ್ಲೊಂದಾಗಿತ್ತು. 1906ರಲ್ಲಿ ಮೈಸೂರಿನ ದಿವಾನರಾದ ವಿ. ಪಿ. ಮಾಧವರಾಯರು ಅದಕ್ಕೆ ಮೊದಲು ಸಂಸ್ಥಾನದ ಪೊಲೀಸ್ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಅವರು ಸಮರ್ಥ ಆಡಳಿತಗಾರರೆಂಬುದರಲ್ಲಿ ಸಂದೇಹವಿಲ್ಲ. ಇಲ್ಲಿ ನಾನು ಹೇಳುತ್ತಿರುವುದು ಹುದ್ದೆಯ ಸ್ವರೂಪದ ಮಾತು.

ಸ್ವಾತಂತ್ರ್ಯ ಬಂದಾಗ ಈ ನಾಲ್ಕು ಬಾಗಿಲುಗಳನ್ನು ಒಂದು ಮಾಡುವ ಅವಕಾಶ ನಮಗಿತ್ತು. ಅಂದು ಸರದಾರ್ ಪಟೇಲರ ಮುಂದಿದ್ದ ಚಿಂತೆ ಬೇರೆಯದು. ಒಡೆದ ದೇಶ, ವಿಲೀನವಾಗುತ್ತಿದ್ದ ಸಂಸ್ಥಾನಗಳು, ಎಲ್ಲೆಡೆ ದೊಂಬಿ. ಈ ಎಲ್ಲದರ ನಡುವೆ ಪ್ರಾಂತಗಳ ರಾಜಕೀಯಕ್ಕೆ ಬಾಗದ, ಮಂತ್ರಿಯ ಎದುರಿಗೆ ತನ್ನ ಮನಸ್ಸಿನ ಮಾತನ್ನು ನಿರ್ಭಯವಾಗಿ ಹೇಳಬಲ್ಲ ಅಖಿಲ ಭಾರತ ಸೇವೆಯಿಲ್ಲದಿದ್ದರೆ ರಾಷ್ಟ್ರವೇ ನಿಲ್ಲದೆಂದು ಅವರು 1949ರ ಅಕ್ಟೋಬರಿನಲ್ಲಿ ಸಂವಿಧಾನ ಸಭೆಯಲ್ಲಿ ವಾದಿಸಿದರು. ಸಂವಿಧಾನದ 312ನೆಯ ವಿಧಿಯಲ್ಲಿ ಐಎಎಸ್ ಜತೆಗೆ ಐಪಿಎಸ್ ಕೂಡ ಸ್ಥಾನ ಪಡೆಯಿತು. ಪಟೇಲರ ವಾದದ ಬಲವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಜಿಲ್ಲೆಯ ವರಿಷ್ಠಾಧಿಕಾರಿ ಅದೇ ಜಿಲ್ಲೆಯ ಜಾತಿಪಂಗಡಗಳ ಜಾಲದೊಳಗೆ ಹುಟ್ಟಿ ಬೆಳೆದವನಾಗದೆ ದೂರದಿಂದ ಬಂದವನಾದರೆ ನ್ಯಾಯಕ್ಕೆ ಒದಗುವ ಅನುಕೂಲ ಸಣ್ಣದಲ್ಲ. ಮಿಜೋ ಜನಾಂಗದ ಎಚ್. ಟಿ. ಸಾಂಗ್ಲಿಯಾನ ಅವರು ಕರ್ನಾಟಕದಲ್ಲಿ ಅಧಿಕಾರಿಯಾಗಿ ದುಡಿದು, 1988ರಲ್ಲಿ ಶಂಕರ್‌ನಾಗ್ ಅಭಿನಯದ ಚಲನಚಿತ್ರವೊಂದು ಅವರ ಹೆಸರಿನಲ್ಲಿಯೇ ಬರುವಷ್ಟು ಕನ್ನಡಿಗರ ಪ್ರೀತಿಗೆ ಪಾತ್ರರಾಗಿ, 2004ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಆರಿಸಿ ಬಂದದ್ದನ್ನು ನೆನೆದರೆ, ಅಧಿಕಾರಿ ಹುಟ್ಟಿದ ಊರು ಯಾವುದೆಂಬುದು ಎಷ್ಟು ಗೌಣವೆಂದು ಅರಿವಾಗುತ್ತದೆ. ಅಖಿಲ ಭಾರತ ಸೇವೆ ಇರಬೇಕು. ಅದಕ್ಕೆ ಹೋಗುವ ಹಾದಿ ಠಾಣೆಯ ಅಂಗಳವನ್ನು ಹಾಯ್ದೇ ಹೋಗಬೇಕೆಂಬುದು ನನ್ನ ವಾದ.

ಇಂದಿನ ಹಾದಿಯನ್ನು ನೋಡೋಣ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಉತ್ತೀರ್ಣರಾದ ತರುಣ ತರುಣಿಯರು ಮಸ್ಸೂರಿಯಲ್ಲಿ ಅಡಿಪಾಯದ ಶಿಕ್ಷಣವನ್ನೂ ಹೈದರಾಬಾದಿನ ಸರದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ ವೃತ್ತಿಶಿಕ್ಷಣವನ್ನೂ ಪಡೆದು, ಜಿಲ್ಲೆಯೊಂದರಲ್ಲಿ ಕೆಲವು ತಿಂಗಳು ಪ್ರಾಯೋಗಿಕ ತರಬೇತಿ ಮುಗಿಸಿ, ಅದರ ನಡುವೆ ಅಲ್ಪಕಾಲ ಠಾಣೆಯೊಂದರ ಹೊಣೆಯನ್ನೂ ಹೊತ್ತು, ಉಪವಿಭಾಗದ ಅಧಿಕಾರಿಗಳಾಗುತ್ತಾರೆ. ಕೆಲವೇ ವರ್ಷಗಳಲ್ಲಿ ಜಿಲ್ಲೆಯೇ ಅವರ ಕೈಗೆ ಬರುತ್ತದೆ. ಇನ್ನೊಂದು ಕಡೆ, ಪದವಿಪೂರ್ವ ಶಿಕ್ಷಣವೇ ಸಾಕೆಂದು ನಿಯಮವಿದ್ದರೂ ಪದವಿಯನ್ನೋ ಸ್ನಾತಕೋತ್ತರ ಪದವಿಯನ್ನೋ ಪಡೆದ ನೂರಾರು ಯುವಕ ಯುವತಿಯರು ಇಂದು ಕಾನ್‌ಸ್ಟೇಬಲ್ ಹುದ್ದೆಗೆ ಸೇರುತ್ತಿದ್ದಾರೆ. ಪಾರಾ, ಗಸ್ತು, ಬಂದೋಬಸ್ತು, ನ್ಯಾಯಾಲಯದ ಸಮನ್ಸು, ರೈಟರ್ ಮೇಜಿನ ಕಡತಗಳು ಎಂಬ ಚಕ್ರದಲ್ಲಿ ಇವರ ಯೌವನ ಕಳೆಯುತ್ತದೆ. ದೇಶದ ರಾಜ್ಯ ಪೊಲೀಸ್ ಪಡೆಗಳಲ್ಲಿ ನೂರಕ್ಕೆ ಸುಮಾರು 85 ಮಂದಿ ಈ ಕಾನ್‌ಸ್ಟೇಬಲ್ ಮತ್ತು ಹೆಡ್ ಕಾನ್‌ಸ್ಟೇಬಲ್ ವರ್ಗದವರು. ಅವರಲ್ಲಿ ಬಹುಮಂದಿ ಹೆಡ್ ಕಾನ್‌ಸ್ಟೇಬಲರಾಗಿಯೋ ಸಹಾಯಕ ಸಬ್‌ಇನ್‌ಸ್ಪೆಕ್ಟರಾಗಿಯೋ ನಿವೃತ್ತರಾಗುತ್ತಾರೆ. ಇನ್‌ಸ್ಪೆಕ್ಟರ್ ಆದವನು ಭಾಗ್ಯವಂತನೆಂದೇ ಲೆಕ್ಕ.

ಬಡ್ತಿಯ ದಾರಿ ಇದೆಯಲ್ಲವೇ ಎನ್ನಬಹುದು. ಐಪಿಎಸ್‌ನ ಹಿರಿಯ ಹುದ್ದೆಗಳಲ್ಲಿ ಮೂರನೆಯ ಒಂದು ಪಾಲು ರಾಜ್ಯ ಪೊಲೀಸ್ ಸೇವೆಯಿಂದ ಬಡ್ತಿ ಪಡೆದವರಿಗೆ ಮೀಸಲೆಂಬುದು ನಿಜ. ಆದರೆ ಆ ಪಾಲಿನ ಫಲ ಮುಖ್ಯವಾಗಿ ಸಲ್ಲುವುದು ಕರ್ನಾಟಕ ಲೋಕಸೇವಾ ಆಯೋಗದ ಮೂಲಕ ನೇರವಾಗಿ ಡಿವೈಎಸ್‌ಪಿ ಆದವರಿಗೆ, ಅಪರೂಪಕ್ಕೊಮ್ಮೆ ಪಿಎಸ್‌ಐ ಆಗಿ ಸೇರಿ ಮೇಲೆ ಬಂದವರಿಗೆ. ಅವರೂ ಐಪಿಎಸ್ ಆಗುವ ವೇಳೆಗೆ ಅರ್ಧ ವಯಸ್ಸು ದಾಟಿರುತ್ತದೆ. ಪೊಲೀಸ್ ಮುಖ್ಯಸ್ಥರ ಆಯ್ಕೆಗೆ ಕೇಂದ್ರ ಲೋಕಸೇವಾ ಆಯೋಗ ಸಾಮಾನ್ಯವಾಗಿ ಮೂವತ್ತು ವರ್ಷಗಳ ಸೇವೆಯನ್ನು ಅರ್ಹತೆಯಾಗಿ ಎಣಿಸುತ್ತ ಬಂದಿರುವುದರಿಂದ, ಐವತ್ತರ ಹತ್ತಿರದಲ್ಲಿ ಈ ಸೇವೆಗೆ ಬಂದವನು ಎಷ್ಟೇ ಪ್ರತಿಭಾವಂತನಾದರೂ ವರಿಷ್ಠಾಧಿಕಾರಿಯಾಗಿಯೋ, ಹೆಚ್ಚೆಂದರೆ ಡಿಐಜಿ, ಐಜಿಪಿಯಾಗಿಯೋ ನಿವೃತ್ತನಾಗಬೇಕು. ಕಾನ್‌ಸ್ಟೇಬಲನಿಗೆ ಮಹಾನಿರ್ದೇಶಕ ಪದವಿಯನ್ನು ಯಾವ ಕಾನೂನೂ ನಿಷೇಧಿಸಿಲ್ಲ. ವಯಸ್ಸಿನ ಗಣಿತವೇ ಅದನ್ನು ನಿಷೇಧಿಸಿದೆ.

ನೇರವಾಗಿ ಮೇಲಿನ ಹುದ್ದೆಗೆ ಬಂದವರೆಲ್ಲ ಠಾಣೆಯ ಸಂಕಟವನ್ನು ಅರಿಯದವರೆಂದು ಹೇಳಿದರೆ ಅದು ಅಸತ್ಯವಾದೀತು. ಖುಸ್ರೋ ಫರಾಮುರ್ಜ್ ರುಸ್ತಮ್‌ಜಿ ಅವರ ಜೀವನವನ್ನು ನೋಡಿ. ನಾಗಪುರದ ಸಮೀಪದ ಕಾಮ್ಟಿಯಲ್ಲಿ 1916ರಲ್ಲಿ ಹುಟ್ಟಿದ ಈ ಪಾರಸಿ ಗೃಹಸ್ಥರು 1938ರಲ್ಲಿ ಮಧ್ಯಪ್ರಾಂತದ ಪೊಲೀಸ್ ಸೇವೆಯನ್ನು ಸೇರಿದರು. ಸ್ವಾತಂತ್ರ್ಯಾನಂತರ, 1952ರಿಂದ ಆರು ವರ್ಷ, ನೆಹರೂ ಅವರ ಮುಖ್ಯ ಭದ್ರತಾಧಿಕಾರಿಯಾಗಿದ್ದು ದೇಶವನ್ನೆಲ್ಲ ಸುತ್ತಿದರು. ಅನಂತರ ಮಧ್ಯಪ್ರದೇಶದ ಪೊಲೀಸ್ ಮುಖ್ಯಸ್ಥರಾಗಿ ಚಂಬಲ್ ಕಣಿವೆಯ ಡಕಾಯಿತರನ್ನೆದುರಿಸಿದರು. 1965ರಲ್ಲಿ ಗಡಿ ಭದ್ರತಾ ಪಡೆ ಸ್ಥಾಪಿತವಾದಾಗ ಅದರ ಮೊದಲ ಮಹಾನಿರ್ದೇಶಕರಾಗಿ ಅದನ್ನು ತಳಹದಿಯಿಂದ ಕಟ್ಟಿದರು. ಇಷ್ಟಕ್ಕೇ ಅವರ ವೃತ್ತಾಂತ ಮುಗಿದಿದ್ದರೆ ಅದೊಂದು ಯಶಸ್ವೀ ಅಧಿಕಾರಿಯ ಸೇವಾಪಟ್ಟಿ ಮಾತ್ರವಾಗುತ್ತಿತ್ತು. ನಿವೃತ್ತರಾದ ಮೇಲೆ, ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿ ಬಿಹಾರದ ಸೆರೆಮನೆಗಳಿಗೆ ಹೋದ ಅವರು, ವಿಚಾರಣೆಯೇ ನಡೆಯದೆ, ಅಪರಾಧ ಸಿದ್ಧವಾಗಿದ್ದರೆ ವಿಧಿಸಬಹುದಾಗಿದ್ದ ಶಿಕ್ಷೆಗಿಂತ ದೀರ್ಘಕಾಲ ಬಂಧನದಲ್ಲಿ ಕೊಳೆಯುತ್ತಿದ್ದ ಬಡವರನ್ನು ಕಂಡರು. ಕಂಡು, ಗೋಪ್ಯ ವರದಿಯೊಂದನ್ನು ಬರೆದು ಕೈತೊಳೆದುಕೊಳ್ಳದೆ, ಪತ್ರಿಕೆಯಲ್ಲಿ ಲೇಖನಗಳನ್ನು ಬರೆದು ಲೋಕದ ಮುಂದಿಟ್ಟರು. ಆ ಲೇಖನಗಳ ಆಧಾರದ ಮೇಲೆ ವಕೀಲೆ ಕಪಿಲಾ ಹಿಂಗೋರಾಣಿ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದುದರಿಂದಲೇ 1979ರ ಹುಸೇನಾರಾ ಖಾತೂನ್ ಪ್ರಕರಣ ಉದ್ಭವಿಸಿತು; ತ್ವರಿತ ವಿಚಾರಣೆ ಪ್ರಜೆಯ ಮೂಲಭೂತ ಹಕ್ಕಿನ ಅಂಗವೆಂದು ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ಸಾರಿತು. ಸಾವಿರಾರು ದಿಕ್ಕಿಲ್ಲದ ಜನರಿಗೆ ಸೆರೆಮನೆಯ ಬಾಗಿಲು ತೆರೆಯಿತು. 1991ರಲ್ಲಿ ರಾಷ್ಟ್ರ ಅವರಿಗೆ ಪದ್ಮವಿಭೂಷಣವಿತ್ತು ಗೌರವಿಸಿದ್ದು ಉಚಿತವಾಗಿಯೇ ಇತ್ತು. ಪೊಲೀಸ್ ಅಧಿಕಾರಿಯೊಬ್ಬನ ಬಾಳು ಯಾವ ಔನ್ನತ್ಯವನ್ನು ಮುಟ್ಟಬಹುದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನವನ್ನು ನಾನರಿಯೆ.

ಆದರೆ ರುಸ್ತಮ್‌ಜಿ ಅವರ ಕಾರುಣ್ಯ ಅವರ ಸ್ವಭಾವದಿಂದ ಬಂದುದು, ವ್ಯವಸ್ಥೆಯಿಂದ ಒದಗಿದ್ದಲ್ಲ. ಮಹಾತ್ಮರು ತಾವಾಗಿಯೇ ಹುಟ್ಟಿಬರುವರೆಂದು ಕಾಯುತ್ತ ಕೂರುವುದು ರಾಜ್ಯವ್ಯವಸ್ಥೆಗೆ ವಿಹಿತವಲ್ಲ. ಸಾಧಾರಣ ಮನುಷ್ಯನೂ ಸರಿಯಾದ ಅನುಭವದಿಂದ ಹದಗೊಂಡು ಯೋಗ್ಯ ನಾಯಕನಾಗುವಂತೆ ಮಾಡತಕ್ಕದ್ದು ವ್ಯವಸ್ಥೆಯ ಕರ್ತವ್ಯ.

ಈ ವಿಷಯದಲ್ಲಿ ಲಂಡನ್ನಿನ ಮುಂದಿನ ಕಥೆ ನಮಗೆ ಬೋಧಪ್ರದವಾಗಿದೆ. ಅಲ್ಲಿಯೂ ನೂರು ವರ್ಷಕ್ಕೂ ಮಿಗಿಲಾಗಿ ಕಮಿಷನರ್ ಪೀಠದಲ್ಲಿ ಕುಳಿತವರಲ್ಲಿ ಬಹುಮಂದಿ ಸೇನಾನಿಗಳೋ ಸರಕಾರದ ಉನ್ನತಾಧಿಕಾರಿಗಳೋ ಆಗಿದ್ದರು. 1931ರಲ್ಲಿ ಕಮಿಷನರಾದ, ವಾಯುಸೇನೆಯ ಮಾರ್ಷಲ್ ಆಗಿದ್ದ ಲಾರ್ಡ್ ಟ್ರೆಂಚರ್ಡ್ ತನ್ನ ಸೇನಾನುಭವವನ್ನೇ ಪ್ರಮಾಣವಾಗಿಟ್ಟುಕೊಂಡು, ಹೊರಗಿನ ವಿದ್ಯಾವಂತ ತರುಣರನ್ನು ನೇರವಾಗಿ ಇನ್‌ಸ್ಪೆಕ್ಟರ್ ದರ್ಜೆಗೆ ತರಬೇಕೆಂದು 1934ರಲ್ಲಿ ಹೆಂಡನ್ ಎಂಬಲ್ಲಿ ಕಾಲೇಜೊಂದನ್ನು ತೆರೆದನು. ಪೇದೆಗಳಲ್ಲಿ ಅರ್ಹರಾದವರಿಗೂ ಅದರಲ್ಲಿ ಪ್ರವೇಶವಿತ್ತು. ಕೆಳಗಿನವರು ಇದನ್ನು ಬಹಳವಾಗಿ ದ್ವೇಷಿಸಿದರು. 1939ರಲ್ಲಿ ಯುದ್ಧ ಬಂದು ಕಾಲೇಜು ಮುಚ್ಚಿತು. ಆ ರೂಪದಲ್ಲಿ ಮತ್ತೆ ತೆರೆಯಲಿಲ್ಲ. 1958ರಲ್ಲಿ ಕಮಿಷನರಾದ ಜೋಸೆಫ್ ಸಿಂಪ್ಸನ್ ಪೇದೆಯಾಗಿ ಸೇರಿ ಹೆಂಡನ್ನಿನಲ್ಲಿ ಓದಿ ಮೇಲೆ ಬಂದವನು. ಪ್ರತಿಯೊಂದು ಮೆಟ್ಟಿಲನ್ನೂ ತನ್ನ ಕಾಲಿನಿಂದಲೇ ಹತ್ತಿ ಆ ಪೀಠಕ್ಕೆ ಬಂದ ಮೊದಲಿಗನೆಂಬ ಕೀರ್ತಿ ಸಲ್ಲುವುದು 1972ರಲ್ಲಿ ಕಮಿಷನರಾದ ರಾಬರ್ಟ್ ಮಾರ್ಕನಿಗೆ.

ರತ್ನಗಂಬಳಿ ಮಾರುವ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಮಾರ್ಕ್ 1937ರಲ್ಲಿ ಮ್ಯಾಂಚೆಸ್ಟರಿನ ಪೇದೆಯಾದನು. ಲೆಸ್ಟರಿನಲ್ಲಿ ಹತ್ತು ವರ್ಷ ಮುಖ್ಯ ಅಧಿಕಾರಿಯಾಗಿದ್ದನು. 1967ರಲ್ಲಿ ಲಂಡನ್ನಿಗೆ ಬಂದನು. ಅಂದಿನ ಲಂಡನ್ ಪತ್ತೇದಾರಿ ವಿಭಾಗ ಅಶ್ಲೀಲ ಪುಸ್ತಕ ವ್ಯಾಪಾರಿಗಳಿಂದಲೂ ಕಳ್ಳರಿಂದಲೂ ನಿಯತವಾಗಿ ಹಣ ತಿನ್ನುವ ಸ್ಥಿತಿಗೆ ಇಳಿದಿತ್ತು. ಅವನ ಐದು ವರ್ಷಗಳ ಅಧಿಕಾರಾವಧಿಯಲ್ಲಿ ಹೆಚ್ಚುಕಡಮೆ ಐನೂರು ಮಂದಿ ಪೊಲೀಸರು ವಜಾ ಆದರು, ಇಲ್ಲವೆ ಕೆಲಸ ಬಿಟ್ಟು ಹೋಗಬೇಕಾಯಿತು. ಲಂಚ ಎಲ್ಲಿ ಹುಟ್ಟುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಠಾಣೆಯ ಪುಸ್ತಕದಲ್ಲಿ ಯಾವ ಸಾಲು ಸುಳ್ಳೆಂಬುದನ್ನು ಗುರುತಿಸಲು ಆತನಿಗೆ ಯಾವ ಸಲಹೆಗಾರನೂ ಬೇಕಾಗಿರಲಿಲ್ಲ. ಅದರ ಜತೆಗೆ ಆತ ಲಂಡನ್ನಿನ ಪಡೆಗೆ ಹೊರಗಿನವನೂ ಆಗಿದ್ದನೆಂಬುದನ್ನು ನಾವು ಮರೆಯಬಾರದು. ಅಲ್ಲಿಯ ಸ್ನೇಹಬಂಧನಗಳೊಂದೂ ಆತನನ್ನು ಕಟ್ಟಿಹಾಕಿರಲಿಲ್ಲ. ವೃತ್ತಿಗೆ ಒಳಗಿನವನು, ಊರಿಗೆ ಹೊರಗಿನವನು. ಪಟೇಲರು ಬಯಸಿದ ಸ್ವಾತಂತ್ರ್ಯವೂ ಪೀಲ್ ಬಯಸಿದ ಅನುಭವವೂ ಒಬ್ಬನೇ ಮನುಷ್ಯನಲ್ಲಿ ಕೂಡಿರಲು ಸಾಧ್ಯವೆಂಬುದನ್ನು ಮಾರ್ಕನ ವೃತ್ತಿಜೀವನ ತೋರಿಸಿಕೊಟ್ಟಿತು.

ಆ ಬಳಿಕ ಅಲ್ಲಿ ಕಮಿಷನರಾದವರೆಲ್ಲ ಪೇದೆಗಳಾಗಿಯೇ ಪ್ರಾರಂಭಿಸಿದವರು. ಉನ್ನತ ವಿದ್ಯಾವಂತರು ಇದರಿಂದ ವಿಮುಖರಾಗಲಿಲ್ಲ. 2017ರಲ್ಲಿ ಆ ಪೀಠವನ್ನೇರಿದ ಮೊದಲ ಮಹಿಳೆ ಕ್ರೆಸಿಡಾ ಡಿಕ್ ಆಕ್ಸ್‌ಫರ್ಡಿನ ಪದವೀಧರೆ. ಆಕೆಯೂ 1983ರಲ್ಲಿ ಲಂಡನ್ನಿನ ಬೀದಿಯಲ್ಲಿ ಪೇದೆಯಾಗಿಯೇ ನಡೆದವಳು. ಅತ್ತ ಅಮೆರಿಕದಲ್ಲಿ, ಪ್ರಾಥಮಿಕ ಶಾಲೆಯ ವಿದ್ಯೆಯಷ್ಟೇ ಇದ್ದು ಮನೆಮನೆಗೆ ಟಪಾಲು ಹಂಚುತ್ತಿದ್ದ ಆಗಸ್ಟ್ ವೋಲ್ಮರ್ 1905ರಲ್ಲಿ ಬರ್ಕ್ಲಿ ಪಟ್ಟಣದ ಮಾರ್ಷಲ್ ಆಗಿ ಆರಿಸಿ ಬಂದು, ಅನಂತರ ಅದರ ಪೊಲೀಸ್ ಮುಖ್ಯಸ್ಥನಾಗಿ, ಪೊಲೀಸರಿಗೆ ವಿಶ್ವವಿದ್ಯಾಲಯದ ಶಿಕ್ಷಣ ಬೇಕೆಂಬ ತತ್ತ್ವದ ಪ್ರಥಮ ಪ್ರತಿಪಾದಕರಲ್ಲಿ ಒಬ್ಬನಾದನು. ಕೊನೆಗೆ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನೂ ಆದನು. ಕೆಳಗಿನಿಂದ ಬಂದವನು ವಿದ್ಯೆಗೆ ವಿರೋಧಿಯಾಗಿರುವನೆಂಬ ಶಂಕೆಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಕೆಳಗಿನಿಂದ ಬಂದ ಮಾತ್ರಕ್ಕೆ ಎಲ್ಲವೂ ಸುಸೂತ್ರವಾಗುವುದೆಂದು ನಾನು ಹೇಳಲಾರೆ. ಕರಿಯ ಯುವಕ ಸ್ಟೀಫನ್ ಲಾರೆನ್ಸನ ಕೊಲೆಯ ತನಿಖೆಯನ್ನು ಪರಿಶೀಲಿಸಿದ 1999ರ ಮ್ಯಾಕ್‌ಫರ್ಸನ್ ವರದಿ ಲಂಡನ್ ಪೊಲೀಸಿನ ಜನಾಂಗದ್ವೇಷವನ್ನೂ, 2023ರ ಲೂಯಿಸ್ ಕೇಸಿ ವರದಿ ಅದರ ಸ್ತ್ರೀದ್ವೇಷವನ್ನೂ ಬಯಲಿಗೆಳೆದಾಗ ಆ ಪಡೆಯ ಮೇಲಧಿಕಾರಿಗಳಲ್ಲಿ ಬಹುಮಂದಿ ಪೇದೆಗಳಾಗಿ ಸೇರಿದವರೇ ಆಗಿದ್ದರು. ಒಂದೇ ಕೋಣೆಯಲ್ಲಿ ಬೆಳೆದವರು ಒಬ್ಬರ ದೋಷವನ್ನೊಬ್ಬರು ಮುಚ್ಚುವ ಅಪಾಯ ಎಂದಿಗೂ ಉಂಟು. ಆದಕಾರಣ ಹೊರಗಿನ ದೃಷ್ಟಿ, ಸ್ವತಂತ್ರ ದೂರು ಪ್ರಾಧಿಕಾರ, ನಿರ್ಭೀತ ನ್ಯಾಯಾಲಯ ಇವು ಬೇಕೇ ಬೇಕು. ಠಾಣೆಯ ಅನುಭವ ಸದ್ಗುಣವನ್ನು ಕೊಡದು. ಆದರೆ ಅದಿಲ್ಲದ ನಾಯಕ ತನ್ನ ಪಡೆಯ ಗುಣದೋಷಗಳನ್ನು ಕಣ್ಣಾರೆ ಕಾಣಲಾರ, ಇತರರು ತೋರಿಸಿದಷ್ಟನ್ನೇ ಕಂಡಾನು.

ಹೀಗೆ ಕಾಣದಿದ್ದುದರ ಪರಿಣಾಮವನ್ನು ಕರ್ನಾಟಕ 2016ರಲ್ಲಿ ಅನುಭವಿಸಿತು. ಆ ವರ್ಷ ಜೂನ್ 4ರಂದು ಸಾಮೂಹಿಕ ರಜೆಯ ಮೇಲೆ ಹೋಗುವುದಾಗಿ ಪೊಲೀಸ್ ಸಿಬ್ಬಂದಿಯಲ್ಲಿ ಒಂದು ದೊಡ್ಡ ವರ್ಗ ಸಾರಿದಾಗ ರಾಜ್ಯವೇ ಬೆಚ್ಚಿತು. ಶಿಸ್ತಿನ ಪಡೆಯಲ್ಲಿ ಮುಷ್ಕರ ಸಲ್ಲದೆಂಬುದರಲ್ಲಿ ಎರಡು ಮಾತಿಲ್ಲ. ಅದು ನಡೆಯಲೂ ಇಲ್ಲ. ಆದರೆ ಅವರು ಮುಂದಿಟ್ಟ ಅಹವಾಲುಗಳು, ಎಂದರೆ ಅಲ್ಪ ವೇತನ, ಸಿಗದ ವಾರದ ರಜೆ, ಮಿತಿಯಿಲ್ಲದ ಕೆಲಸದ ವೇಳೆ, ಮೇಲಧಿಕಾರಿಗಳ ಮನೆಗೆಲಸ, ಇವೊಂದೂ ಹೊಸವಲ್ಲ. ಇವನ್ನು ಅರಿಯಲು ಮೇಲಿನವರಿಗೆ ಮುಷ್ಕರದ ಬೆದರಿಕೆ ಬೇಕಾದದ್ದೇಕೆ? ಅದೇ ವರ್ಷ ಹಿರಿಯ ಅಧಿಕಾರಿ ರಾಘವೇಂದ್ರ ಔರಾದಕರ್ ಅವರ ಸಮಿತಿ ಸಿಬ್ಬಂದಿಯ ವೇತನ ಪರಿಷ್ಕರಣೆಯ ಕುರಿತು ವರದಿ ಕೊಟ್ಟಿತು. ಅದು ಜಾರಿಗೆ ಬಂದದ್ದು 2019ರಲ್ಲಿ. ಐಪಿಎಸ್ ಅಧಿಕಾರಿಯೊಬ್ಬರ ಹೆಸರು ಸಾಮಾನ್ಯ ಕಾನ್‌ಸ್ಟೇಬಲರ ಮನೆಗಳಲ್ಲಿ ಕೃತಜ್ಞತೆಯಿಂದ ಉಚ್ಚಾರವಾದದ್ದು ಅಪೂರ್ವ. ಅದು ಅಷ್ಟು ಅಪೂರ್ವವಾಗಿರುವುದೇ ನನ್ನನ್ನು ಚಿಂತೆಗೀಡುಮಾಡುತ್ತದೆ.

ಪರಿಹಾರವನ್ನು ಹೇಳಿದವರಿಲ್ಲವೆಂದಲ್ಲ. 1977ರಲ್ಲಿ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗ ತನ್ನ ಎಂಟು ವರದಿಗಳಲ್ಲಿ ಮೊಟ್ಟಮೊದಲನೆಯದನ್ನೇ ಕಾನ್‌ಸ್ಟೇಬಲನ ಸ್ಥಿತಿಗತಿಗೆ ಮುಡಿಪಾಗಿಟ್ಟಿತು. ಕಾನ್‌ಸ್ಟೇಬಲನು ವಿವೇಚನೆಯಿಂದ ವರ್ತಿಸತಕ್ಕ ಮನುಷ್ಯ, ಯಂತ್ರವಲ್ಲ. 1902ರ ಆಯೋಗದ 'ಯಾಂತ್ರಿಕ' ಕಲ್ಪನೆ ತೊಲಗಬೇಕು. ಅವನಿಗೆ ಮೇಲಿನ ಹುದ್ದೆಗಳವರೆಗೆ ಬಡ್ತಿಯ ದಾರಿ ತೆರೆದಿರಬೇಕು ಎಂಬುದು ಅದರ ಸಾರ. ರುಸ್ತಮ್‌ಜಿ ಆ ಆಯೋಗದ ಸದಸ್ಯರಾಗಿದ್ದರೆಂಬುದು ಆಕಸ್ಮಿಕವೆಂದು ನನಗೆ ತೋರದು. ಆ ವರದಿ ಕಪಾಟನ್ನು ಸೇರಿತು. 2011ರಲ್ಲಿ ಕೇಂದ್ರ ಸರಕಾರ ಸೀಮಿತ ಸ್ಪರ್ಧಾ ಪರೀಕ್ಷೆಯ ಮೂಲಕ ಐಪಿಎಸ್ ಸೇರುವ ಮೂರನೆಯ ದಾರಿಯೊಂದಕ್ಕೆ ನಿಯಮಾವಳಿ ಮಾಡಿದಾಗಲೂ ಅದು ಉದ್ದೇಶಿಸಿದ್ದು ಡಿವೈಎಸ್‌ಪಿ ದರ್ಜೆಯವರನ್ನೂ ಸೈನ್ಯದ ತರುಣ ಅಧಿಕಾರಿಗಳನ್ನೂ. ಕಾನ್‌ಸ್ಟೇಬಲನಾಗಲಿ ಪಿಎಸ್‌ಐ ಆಗಲಿ ಆ ಯೋಜನೆಯ ಕಣ್ಣಿಗೆ ಬೀಳಲಿಲ್ಲ. ಸೇವೆಯೊಳಗಿನಿಂದ ವಿರೋಧ ಬಂದು, ವ್ಯಾಜ್ಯ ನ್ಯಾಯಾಲಯಗಳ ಮೆಟ್ಟಿಲೇರಿ, ಆ ದಾರಿಯೂ ಮುಚ್ಚಿಹೋಯಿತು.

ಇನ್ನು ಶಿಖರದ ನೇಮಕದ ವಿಷಯ. ಉತ್ತರಪ್ರದೇಶದ ಪೊಲೀಸ್ ಮುಖ್ಯಸ್ಥರಾಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2006ರ ಸೆಪ್ಟೆಂಬರ್ 22ರಂದು ಕೊಟ್ಟ ತೀರ್ಪು ಲೋಕಸೇವಾ ಆಯೋಗವು ಆರಿಸಿದ ಮೂವರಲ್ಲಿ ಒಬ್ಬರನ್ನು ಮುಖ್ಯಸ್ಥರನ್ನಾಗಿ ನೇಮಿಸಬೇಕೆಂದೂ, ಅವರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದೂ ವಿಧಿಸಿತು. ತಾತ್ಕಾಲಿಕ ಮುಖ್ಯಸ್ಥರನ್ನು ನೇಮಿಸುವ ಚಾಳಿ ಸಲ್ಲದೆಂದು 2018ರಲ್ಲಿ ಮತ್ತೆ ಹೇಳಬೇಕಾಗಿ ಬಂತು. ಆ ಚಾಳಿ ಇನ್ನೂ ನಿಂತಿಲ್ಲ. ಕರ್ನಾಟಕದಲ್ಲಿಯೇ 2012ರಲ್ಲಿ ಮುಖ್ಯಸ್ಥರ ನೇಮಕವೊಂದು ಆಡಳಿತ ನ್ಯಾಯಮಂಡಳಿಯ ಮುಂದೆ ಹೋಗಿ ರದ್ದಾಗಿ, ಉಚ್ಚ ನ್ಯಾಯಾಲಯದವರೆಗೆ ಬೆಳೆದದ್ದು ಓದುಗರಿಗೆ ನೆನಪಿರಬಹುದು. 2017ರಲ್ಲಿ ನೀಲಮಣಿ ರಾಜು ಅವರು ರಾಜ್ಯ ಪೊಲೀಸಿನ ಪ್ರಥಮ ಮಹಿಳಾ ಮುಖ್ಯಸ್ಥೆಯಾದದ್ದು ಸಂತೋಷದ ವಿಷಯ. ಲಿಂಗ, ಪ್ರಾಂತ, ಭಾಷೆಗಳ ಬೇಲಿಗಳು ಒಂದೊಂದಾಗಿ ಸಡಿಲುತ್ತಿರುವಾಗ ಅಂತಸ್ತಿನ ಬೇಲಿ ಮಾತ್ರ ಹಾಗೆಯೇ ನಿಂತಿದೆ.

ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಮುಖ್ಯಸ್ಥರ ಆಯ್ಕೆಗೆ ಸೇವಾವಧಿ, ಉತ್ತಮ ದಾಖಲೆ ಇವುಗಳ ಜತೆಗೆ ಅನುಭವದ ವೈವಿಧ್ಯ ಎಂಬ ಮಾನದಂಡವೂ ಸೇರಿದೆ. ಗುಪ್ತಚರ ಇಲಾಖೆ, ಕೇಂದ್ರ ಪಡೆ, ತರಬೇತಿ ಶಾಲೆ, ತನಿಖಾ ದಳ ಎಂದು ಅಭ್ಯರ್ಥಿಯ ಹುದ್ದೆಗಳನ್ನು ಎಣಿಸುವ ಲೋಕಸೇವಾ ಆಯೋಗ ಆ ಎಣಿಕೆಯಲ್ಲಿ ಠಾಣೆಯ ಸೇವೆಗೆ ಪ್ರತ್ಯೇಕವಾಗಿ, ಎಲ್ಲಕ್ಕಿಂತ ಹೆಚ್ಚಿನ ತೂಕವನ್ನು ಕೊಡಲಾರಂಭಿಸಲಿ. ಇದಕ್ಕೆ ಹೊಸ ಕಾನೂನು ಬೇಡ, ಇರುವ ಮಾನದಂಡದ ಪ್ರಾಮಾಣಿಕ ವ್ಯಾಖ್ಯಾನ ಸಾಕು. ಹೊಸದಾಗಿ ಐಪಿಎಸ್‌ಗೆ ಬಂದವರು ಉಪವಿಭಾಗಕ್ಕೆ ಹೋಗುವ ಮೊದಲು ಎರಡು ಪೂರ್ಣ ವರ್ಷ ಠಾಣೆಯಲ್ಲಿರಲಿ: ಮೊದಲ ಆರು ತಿಂಗಳು ಕಾನ್‌ಸ್ಟೇಬಲನ ಸಮವಸ್ತ್ರದಲ್ಲಿ, ಕಾನ್‌ಸ್ಟೇಬಲನ ಪಾಳಿಯಲ್ಲಿ; ಉಳಿದ ಕಾಲ ತನಿಖಾಧಿಕಾರಿಯಾಗಿ, ತಾವೇ ಬರೆದ ದೋಷಾರೋಪಣ ಪಟ್ಟಿಯನ್ನು ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ನಿಂತು ಸಮರ್ಥಿಸುವ ಹೊಣೆಯೊಡನೆ. ಹತ್ತು ವರ್ಷ ಸೇವೆ ಸಲ್ಲಿಸಿದ ಪದವೀಧರ ಕಾನ್‌ಸ್ಟೇಬಲರಿಗೂ ಪಿಎಸ್‌ಐಗಳಿಗೂ ನಲವತ್ತು ವರ್ಷ ವಯಸ್ಸಿನವರೆಗೆ, ಕನ್ನಡದಲ್ಲಿಯೂ ಬರೆಯಬಹುದಾದ ಇಲಾಖಾ ಪರೀಕ್ಷೆಯೊಂದರ ಮೂಲಕ ಡಿವೈಎಸ್‌ಪಿ ಹುದ್ದೆಗಳಲ್ಲಿ ನಿಶ್ಚಿತವಾದ ಪಾಲು ದೊರೆಯಲಿ. ಹಾಗೆ ಮೇಲೆ ಬಂದವರಿಗೆ ಐಪಿಎಸ್ ಹಿರಿತನವನ್ನು ಎಣಿಸುವಾಗ ಠಾಣೆಯಲ್ಲಿ ಕಳೆದ ವರ್ಷಗಳಲ್ಲಿ ಒಂದು ಭಾಗ ಲೆಕ್ಕಕ್ಕೆ ಸೇರಲಿ. ಡಿವೈಎಸ್‌ಪಿ ನೇಮಕಾತಿ ನಿಯಮಗಳನ್ನು ತಿದ್ದುವ ಅಧಿಕಾರ ರಾಜ್ಯ ಸರಕಾರದ ಕೈಯಲ್ಲಿಯೇ ಇದೆ. ಮುಂದಿನ ಗೆಜೆಟೆಡ್ ಪ್ರೊಬೇಷನರ್ ನೇಮಕಾತಿಯ ಅಧಿಸೂಚನೆ ಹೊರಡುವ ಮುನ್ನವೇ ಗೃಹ ಇಲಾಖೆ ಈ ಒಂದು ತಿದ್ದುಪಡಿಯನ್ನು ಸಚಿವ ಸಂಪುಟದ ಮುಂದೆ ತರಬಹುದು.